ಆರು ಹೆಸರಿನ ಕಂಪ್ಯೂಟರು

ಬೆಳ್ಮಣ್ ಪೇಟೆಯಲ್ಲಿ, ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯ ಬದಿಗೆ, ನನಗೆ ಪರಿಚಯದ ಒಂದು ಝೆರಾಕ್ಸ್ ಅಂಗಡಿ ಉಂಟು. ಆಧಾರ್ ಪ್ರತಿ, ಪಹಣಿ, ಬಸ್ ಟಿಕೆಟು, ಮದುವೆ ಕಾಗದದ ಡಿಟಿಪಿ, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಮಳೆಗಾಲ ಶುರುವಾಯಿತೆಂದರೆ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತದೆ. ಯುಪಿಎಸ್‌ನ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಹಾಗಾಗಿ ಕೌಂಟರಿನ ಈಚೆ ಕೊಡೆ ಮಡಚಿ ನಿಂತ ಗಿರಾಕಿಗಳಿಗೆಲ್ಲ ಆ ಕಂಪ್ಯೂಟರಿನ ಲಾಗಿನ್ ಪರದೆ ಬಾಯಿಪಾಠ: ಎಡಗಡೆ ಕೆಳಗೆ, ಒಂದರ ಮೇಲೊಂದು, ಆರು ಹೆಸರು.

“ಇವ ದುಬೈಗೆ ಹೋಗಿ ಮೂರು ವರ್ಷ ಆಯ್ತಲ್ಲ, ಇವನ ಹೆಸರು ಇನ್ನೂ ಉಂಟಾ?” ಎಂದು ಗಿರಾಕಿಯೊಬ್ಬರು ಕೇಳಿದರಂತೆ. ಅವತ್ತು ರಾತ್ರಿ ಅಂಗಡಿಯ ಅಕ್ಕನ ಫೋನು ಬಂತು. “ಮಾಷ್ಟ್ರೇ, ಆ ಹೆಸರುಗಳನ್ನೆಲ್ಲ ಅಡಗಿಸಿ ಕೊಡ್ಲಿಕ್ಕೆ ಆಗ್ತದಾ?”

ಆಗುತ್ತದೆ. ವಿಂಡೋಸ್‌ನಲ್ಲಿ ಐದು ನಿಮಿಷದ ಕೆಲಸ. ಆದರೆ ಆರನ್ನೂ ಒಂದೇ ಏಟಿಗೆ ಅಡಗಿಸಿ ಎದ್ದು ಬಂದಿದ್ದರೆ ಅಕ್ಕನಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗುತ್ತಿತ್ತು. ಇದೇ ಪ್ರಶ್ನೆಯನ್ನು ಶಿರ್ವದ ಒಬ್ಬರು, ನಿಟ್ಟೆಯ ಇಬ್ಬರು ಆಮೇಲೆ ಕೇಳಿದ್ದರಿಂದ ಬರೆದೇ ಇಡೋಣ ಅನ್ನಿಸಿತು.

ಖಾತೆ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಬ್ಯಾಂಕು. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲೇ ಹುಟ್ಟಿದವು. 2020ರ ಏಪ್ರಿಲ್ 1ರಂದು ಒಂದು ಯೂನಿಯನ್ ಬ್ಯಾಂಕಿನಲ್ಲಿ, ಇನ್ನೊಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬಾಗಿಲ ಮೇಲಿನ ಬೋರ್ಡು ಇಳಿಯಿತು. ಒಳಗೆ ನಿಮ್ಮ ಖಾತೆ ಇದ್ದ ಹಾಗೇ ಇತ್ತು, ದುಡ್ಡು ಹಾಕಲೂ ತೆಗೆಯಲೂ ಅಡ್ಡಿಯಾಗಲಿಲ್ಲ. ಕಂಪ್ಯೂಟರಿನ ಖಾತೆಯನ್ನು ಲಾಗಿನ್ ಪರದೆಯಿಂದ ಅಡಗಿಸುವುದೂ ಬೋರ್ಡು ಇಳಿಸಿದ ಹಾಗೆಯೇ. ಹೆಸರು ಕಾಣುವುದಿಲ್ಲ, ಅಷ್ಟೆ. ಪಾಸ್‌ವರ್ಡ್ ಗೊತ್ತಿದ್ದವರು ನೆಟ್‌ವರ್ಕಿನ ಮೂಲಕವೋ ದೂರದಿಂದಲೋ ಒಳಗೆ ಬರಬಹುದು, ಕಡತ ತೆರೆಯಬಹುದು. ದುಬೈಯ ಹುಡುಗ ಇನ್ನು ಇಲ್ಲಿಗೆ ಬರಬಾರದು ಎಂಬುದು ಅಕ್ಕನ ಬಯಕೆಯಾದರೆ ಅವನ ಬೋರ್ಡು ಇಳಿಸಿ ಪ್ರಯೋಜನವಿಲ್ಲ, ಖಾತೆಯನ್ನೇ ಸ್ಥಗಿತಗೊಳಿಸಬೇಕು.

ಅದಕ್ಕೂ ಮೊದಲು, ಒಳಗೆ ಯಾರ್ಯಾರು ಇದ್ದಾರೆ ಎಂದು ನೋಡಬೇಕು. ಪರದೆಯ ಮೇಲಿನ ಆರು ಹೆಸರನ್ನು ನಂಬಿ ಕೆಲಸ ಶುರುಮಾಡುವುದು ಮನೆಯ ಅಂಗಳದಲ್ಲಿರುವ ಚಪ್ಪಲಿ ಎಣಿಸಿ ಊಟಕ್ಕೆ ಎಲೆ ಹಾಕಿದ ಹಾಗೆ.

ಅಕ್ಕನಿಗೆ ಫೋನಿನಲ್ಲೇ ಹೇಳಿಕೊಟ್ಟೆ. ಸ್ಟಾರ್ಟ್ ಒತ್ತಿ, ಸಿ-ಎಂ-ಡಿ ಎಂದು ಮೂರು ಅಕ್ಷರ ಬರೆಯಿರಿ, ಕಮಾಂಡ್ ಪ್ರಾಂಪ್ಟ್ ಎಂದು ಬರುತ್ತದೆ, ಅದರ ಮೇಲೆ ಬಲಗುಂಡಿ ಒತ್ತಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿ. ಕಪ್ಪು ಕಿಟಕಿ ತೆರೆಯಿತು. ಇನ್ನು ಇಂಗ್ಲಿಷ್ ಅಕ್ಷರಗಳಲ್ಲಿ ‘ನೆಟ್ ಯೂಸರ್’ ಎಂದು ಬರೆಯಬೇಕು, ಎರಡು ಶಬ್ದ, ನಡುವೆ ಒಂದು ಖಾಲಿ ಜಾಗ.

ಫೋನಿನಲ್ಲಿ ಎಮ್ಮು ಎನ್ನು ಎರಡೂ ಒಂದೇ ಥರ ಕೇಳಿಸುತ್ತದೆ. ಹಾಗಾಗಿ ನನ್ನದೊಂದು ಕ್ರಮ ಉಂಟು.

“ನಿಟ್ಟೆಯ ಎನ್ ಅಕ್ಕ. ಆಮೇಲೆ ಎರ್ಮಾಳಿನ ಇ. ತೆಕ್ಕಟ್ಟೆಯ ಟಿ.”

“ಎರ್ಮಾಳಿನ ಬೋರ್ಡಿನಲ್ಲಿ ವೈ ಉಂಟಲ್ಲ ಮಾಷ್ಟ್ರೇ?”

ಉಂಟು. ಹೆದ್ದಾರಿಯ ಬೋರ್ಡು ಬರೆದವರಿಗೂ ನನಗೂ ಅಲ್ಲಿ ತಕರಾರು. ಆನೆಯ ಇ ಎಂದು ಸರಿಪಡಿಸಿ ಮುಂದಕ್ಕೆ ಹೋದೆವು: ಉಡುಪಿಯ ಯು, ಶಿರ್ವದ ಎಸ್, ಮತ್ತೊಮ್ಮೆ ಆನೆಯ ಇ, ರೆಂಜಾಳದ ಆರ್. ಎಂಟರ್.

ಪಟ್ಟಿ ಬಂತು. ಅಕ್ಕ ಎಣಿಸಿದರು. ಹನ್ನೊಂದು.

ಪರದೆಯಲ್ಲಿ ಆರು, ಪಟ್ಟಿಯಲ್ಲಿ ಹನ್ನೊಂದು ಎಂದ ಕೂಡಲೇ ಹೆದರಬೇಕಾಗಿಲ್ಲ. ಅದರಲ್ಲಿ ನಾಲ್ಕು ವಿಂಡೋಸ್ ತಾನೇ ಇಟ್ಟುಕೊಂಡಿರುವ ಖಾತೆಗಳು: ಅಡ್ಮಿನಿಸ್ಟ್ರೇಟರ್, ಗೆಸ್ಟ್, ಡಿಫಾಲ್ಟ್ ಅಕೌಂಟ್, ಮತ್ತು ಡಬ್ಲ್ಯು-ಡಿ-ಎ-ಜಿ ಎಂದು ಶುರುವಾಗುವ ಉದ್ದ ಹೆಸರಿನದೊಂದು. ಈ ಕೊನೆಯದನ್ನು ಕಂಡು ವೈರಸ್ ಎಂದು ಬೆಚ್ಚಿದವರನ್ನು ನಾನು ನೋಡಿದ್ದೇನೆ. ಅದು ವಿಂಡೋಸಿನದೇ ರಕ್ಷಣಾ ವ್ಯವಸ್ಥೆಗೆ ಸೇರಿದ್ದು. ಈ ನಾಲ್ಕೂ ಸಾಮಾನ್ಯವಾಗಿ ಸ್ಥಗಿತವಾಗಿಯೇ ಇರುತ್ತವೆ, ಮುಟ್ಟಲು ಹೋಗಬೇಡಿ. ಅಡ್ಮಿನಿಸ್ಟ್ರೇಟರ್ ಖಾತೆ ಎಕ್ಸ್‌ಪಿ ಕಾಲದಲ್ಲಿ ಜೀವಂತವಾಗಿತ್ತು, ಸ್ವಾಗತ ಪರದೆಯಲ್ಲಿ ಮಾತ್ರ ಕಾಣುತ್ತಿರಲಿಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಎರಡು ಸಲ ಒತ್ತಿದರೆ ಹಳೆಯ ಥರದ ಪೆಟ್ಟಿಗೆ ಬಂದು ಅಲ್ಲಿ ಆ ಹೆಸರು ಬರೆದು ಒಳಗೆ ಹೋಗಬಹುದಿತ್ತು. ಎಷ್ಟೋ ಕಂಪ್ಯೂಟರುಗಳಲ್ಲಿ ಅದಕ್ಕೆ ಪಾಸ್‌ವರ್ಡೇ ಇರುತ್ತಿರಲಿಲ್ಲ. ವಿಸ್ತಾ ಬಂದ ಮೇಲೆ ಮೈಕ್ರೋಸಾಫ್ಟ್ ಅದನ್ನು ಹುಟ್ಟುವಾಗಲೇ ಸ್ಥಗಿತಗೊಳಿಸಿತು.

ಆರು ಮತ್ತು ನಾಲ್ಕು ಸೇರಿ ಹತ್ತು. ಹನ್ನೊಂದನೆಯದು?

“ಸಪೋರ್ಟ್ ಅಂತ ಒಂದುಂಟು ಮಾಷ್ಟ್ರೇ. ಯಾರದ್ದು ಅಂತ ನಂಗೆ ಗೊತ್ತಿಲ್ಲ.”

ಮರುದಿನ ಅಂಗಡಿಗೇ ಹೋದೆ. ‘ನೆಟ್ ಯೂಸರ್’ ಎಂಬುದರ ಮುಂದೆ ಆ ಖಾತೆಯ ಹೆಸರನ್ನೂ ಬರೆದು ಎಂಟರ್ ಒತ್ತಿದರೆ ಜಾತಕ ಪೂರ್ತಿ ಬರುತ್ತದೆ. ನೋಡಬೇಕಾದದ್ದು ಮೂರು ಸಾಲು. ಖಾತೆ ಸಕ್ರಿಯವೋ ಅಲ್ಲವೋ. ಕೊನೆಯ ಸಲ ಲಾಗಿನ್ ಆದದ್ದು ಯಾವಾಗ. ಯಾವ ಗುಂಪಿಗೆ ಸೇರಿದೆ. ‘ಸಪೋರ್ಟ್’ ಸಕ್ರಿಯವಾಗಿತ್ತು, ಅಡ್ಮಿನಿಸ್ಟ್ರೇಟರ್‌ಗಳ ಗುಂಪಿನಲ್ಲಿತ್ತು. ಕೊನೆಯ ಲಾಗಿನ್ ಎರಡು ವರ್ಷದ ಹಿಂದಿನ ಒಂದು ಮಂಗಳವಾರ. ಅಕ್ಕ ಬಿಲ್ ಪುಸ್ತಕ ತಿರುವಿ ಹಾಕಿದರು. ಬಿಲ್ಲಿಂಗ್ ತಂತ್ರಾಂಶ ಹಾಕಿಸಿದ ದಿನ ಅದೇ. ಹಾಕಿದವರು ದೂರದಿಂದಲೇ ಕಂಪ್ಯೂಟರಿನೊಳಗೆ ಬಂದು ಕೆಲಸ ಮುಗಿಸಿ, ಮುಂದೆ ಬೇಕಾದೀತೆಂದು ಒಂದು ಖಾತೆ ಮಾಡಿ, ಅಕ್ಕನಿಗೆ ಕಾಣಬಾರದೆಂದು ಅಡಗಿಸಿಟ್ಟು ಹೋಗಿದ್ದರು. ಕೆಟ್ಟ ಉದ್ದೇಶ ಇತ್ತೆಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಮನೆಗೆ ಬಣ್ಣ ಹೊಡೆಯಲು ಬಂದವರು ಹೋಗುವಾಗ ಹೇಳದೆ ಒಂದು ಬೀಗದ ಕೈ ಮಾಡಿಸಿಕೊಂಡು ಹೋದರೆ ಹೇಗನ್ನಿಸುತ್ತದೆ?

ಈ ಪಟ್ಟಿಯೂ ಸಂಪೂರ್ಣವಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಖಾತೆಯ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಇದ್ದರೆ ‘ನೆಟ್ ಯೂಸರ್’ ಅದನ್ನು ತೋರಿಸುವುದಿಲ್ಲ. ಕಳ್ಳ ಖಾತೆ ಮಾಡುವವರಿಗೆ ಇದು ಹಳೆಯ ಉಪಾಯ. ಆದ್ದರಿಂದ ಇನ್ನೊಂದು ಕಡೆಯೂ ನೋಡಬೇಕು. ಸ್ಟಾರ್ಟ್‌ನಲ್ಲಿ ಪವರ್‌ಶೆಲ್ ಹುಡುಕಿ ತೆರೆದು ‘ಗೆಟ್-ಲೋಕಲ್‌ಯೂಸರ್’ ಎಂದು ಬರೆಯಿರಿ. ಗೆಟ್ ಆದ ಮೇಲೆ ಅಡ್ಡಗೆರೆ, ಉಳಿದದ್ದು ಒಂದೇ ಶಬ್ದ. ಡಾಲರ್ ಇದ್ದವರೂ ಇಲ್ಲದವರೂ ಎಲ್ಲ ಬರುತ್ತಾರೆ, ಪಕ್ಕದಲ್ಲಿ ಸಕ್ರಿಯವಾಗಿದ್ದರೆ ‘ಟ್ರೂ’, ಇಲ್ಲದಿದ್ದರೆ ‘ಫಾಲ್ಸ್’. ಹೋಮ್ ಆವೃತ್ತಿಯಲ್ಲೂ ಇದು ನಡೆಯುತ್ತದೆ. ಎರಡು ಪಟ್ಟಿಗೂ ವ್ಯತ್ಯಾಸ ಕಂಡರೆ ಗಂಭೀರವಾಗಿ ಯೋಚಿಸಿ. ಸೈಬರ್ ದಾಳಿಯ ತಂತ್ರಗಳನ್ನು ಪಟ್ಟಿ ಮಾಡುವ ಅಮೆರಿಕದ ಮೈಟರ್ ಸಂಸ್ಥೆ ಈ ಅಡಗುಖಾತೆಗಳಿಗೇ ಪ್ರತ್ಯೇಕ ನಂಬರು ಕೊಟ್ಟಿದೆ, ಟಿ1564.002 ಎಂದು. ಬ್ಯಾಂಕಿನವರೆಂದೋ ಕಂಪನಿಯವರೆಂದೋ ಫೋನ್ ಮಾಡಿ, ದೂರದಿಂದ ಕಂಪ್ಯೂಟರ್ ಹಿಡಿದುಕೊಂಡವರು ಬಿಟ್ಟುಹೋದ ಖಾತೆ ಸಿಕ್ಕಿದರೆ ಮೊದಲು ಇಂಟರ್ನೆಟ್ ತಂತಿ ಕಳಚಿ. ಪಾಸ್‌ವರ್ಡುಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಿಸಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಫೋನ್ ಮಾಡಿ.

ಈಗ ಹೆಸರಿನ ಗೊಂದಲ. ಅಕ್ಕನ ಪರದೆಯಲ್ಲಿ ‘ಸ್ಕ್ಯಾನ್’ ಎಂದಿದ್ದ ಹೆಸರು ಕಪ್ಪು ಕಿಟಕಿಯ ಪಟ್ಟಿಯಲ್ಲಿ ಇರಲೇ ಇಲ್ಲ. ಅಲ್ಲಿ ‘ಯೂಸರ್2’ ಎಂದಿತ್ತು. ಎರಡೂ ಒಂದೇ. ಕಂಟ್ರೋಲ್ ಪ್ಯಾನೆಲಿನಲ್ಲಿ ಖಾತೆಯ ಹೆಸರು ಬದಲಿಸಿದರೆ ಬದಲಾಗುವುದು ತೋರಿಕೆಯ ಹೆಸರು ಮಾತ್ರ. ಹುಟ್ಟುಹೆಸರು ಒಳಗೆ ಹಾಗೇ ಉಳಿಯುತ್ತದೆ, ಸಿ ಡ್ರೈವಿನ ‘ಯೂಸರ್ಸ್’ ಕೋಶದ ಹೆಸರೂ ಹಾಗೇ ಉಳಿಯುತ್ತದೆ. ಇದು ನಮ್ಮೂರಿನವರಿಗೆ ಹೊಸತಲ್ಲ. ಊರಲ್ಲಿ ಕರೆಯುವ ಹೆಸರೊಂದು, ಪಡಿತರ ಚೀಟಿಯ ಹೆಸರೊಂದು. ಇಲ್ಲೇ ಹತ್ತಿರದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಕಾವ್ಯ ಬರೆದು ಅದು ತನ್ನದೆಂದು ಹೇಳದೆ, ಹಳೆಯ ಕವಿಯೊಬ್ಬನ ಓಲೆ ಸಿಕ್ಕಿತು ಎಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದವರು. ಲೋಕಕ್ಕೆ ಅವರು ಮುದ್ದಣ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರದು ಇನ್ನೂ ತಮಾಷೆ: ಇಮೇಲ್ ವಿಳಾಸದ ಮೊದಲ ಐದು ಅಕ್ಷರ ಕತ್ತರಿಸಿ ವಿಂಡೋಸ್ ಅದನ್ನೇ ಹುಟ್ಟುಹೆಸರಾಗಿ ಇಟ್ಟಿರುತ್ತದೆ. ಮುಂದಿನ ಎಲ್ಲ ಕೆಲಸಕ್ಕೂ ‘ನೆಟ್ ಯೂಸರ್’ ತೋರಿಸಿದ ಹೆಸರೇ ಪ್ರಮಾಣ. ಅದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ.

ಆ ಕಾಗದ ಹಿಡಿದು ಅಕ್ಕನ ಜೊತೆ ಕೂತೆ. ಆರು ಹೆಸರಿನಲ್ಲಿ ಒಂದು ಅಕ್ಕನದು, ಒಂದು ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುವ ಮಗಳದು. ಒಂದು ದುಬೈಯ ಹುಡುಗನದು. ಒಂದು ಮದುವೆಯಾಗಿ ಮುಂಬೈಗೆ ಹೋದ ಹುಡುಗಿಯದು. ಒಂದು ‘ಟೆಸ್ಟ್’, ಯಾರೂ ವಾರಸುದಾರರಿಲ್ಲ. ಒಂದು ‘ಸ್ಕ್ಯಾನ್’, ಅದೇನೆಂದು ಅಕ್ಕನಿಗೂ ನೆನಪಿರಲಿಲ್ಲ.

ಕೆಲಸ ಬಿಟ್ಟು ಹೋದವರ ಖಾತೆಯನ್ನು ಅಳಿಸುವ ಮೊದಲು ಸ್ಥಗಿತಗೊಳಿಸುವುದು ನನ್ನ ಪದ್ಧತಿ. ಕಪ್ಪು ಕಿಟಕಿಯಲ್ಲಿ ‘ನೆಟ್ ಯೂಸರ್’, ಖಾಲಿ ಜಾಗ, ಖಾತೆಯ ಹೆಸರು, ಖಾಲಿ ಜಾಗ, ಓರೆಗೀಟು, ಅದಕ್ಕೆ ತಾಗಿಯೇ ‘ಆಕ್ಟಿವ್’, ಕೋಲನ್, ‘ನೋ’. ಓರೆಗೀಟು ಎಂದರೆ ಪ್ರಶ್ನಾರ್ಥಕ ಚಿಹ್ನೆ ಇರುವ ಕೀಲಿಯದು. ಇನ್ನೊಂದು ಕಡೆ ವಾಲಿದ್ದಲ್ಲ. ಖಾತೆಯ ಹೆಸರಿನ ನಡುವೆ ಖಾಲಿ ಜಾಗ ಇದ್ದರೆ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಸ್ಥಗಿತವಾದ ಖಾತೆ ಲಾಗಿನ್ ಪರದೆಯಿಂದ ತಾನಾಗಿ ಮಾಯವಾಗುತ್ತದೆ, ಪಾಸ್‌ವರ್ಡ್ ಗೊತ್ತಿದ್ದರೂ ಅದರಿಂದ ಯಾರೂ ಒಳಗೆ ಬರಲಾರರು, ಕಡತಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ. ಕೊನೆಯ ‘ನೋ’ ಬದಲು ‘ಯೆಸ್’ ಎಂದರೆ ಮತ್ತೆ ಜೀವ. ಹತ್ತರಲ್ಲಿ ಎಂಟು ಮಂದಿಗೆ ಬೇಕಾಗಿರುವುದು ಇಷ್ಟೇ. ಅಡಗಿಸುವುದು ಹೇಗೆ ಎಂದು ಕೇಳುತ್ತಾರೆ, ಅವರಿಗೆ ಬೇಕಾದ್ದು ಸ್ಥಗಿತಗೊಳಿಸುವುದು.

ಅಳಿಸುವುದಕ್ಕೆ ಅವಸರ ಬೇಡ ಎನ್ನಲು ಕಾರಣ ಉಂಟು. ಮುಂಬೈಗೆ ಹೋದ ಹುಡುಗಿ ಮಾಡಿದ ಮದುವೆ ಕಾಗದಗಳ ಮಾದರಿಯೆಲ್ಲ ಅವಳ ಖಾತೆಯಲ್ಲೇ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಹೋಗಿ ಖಾತೆ ತೆಗೆದರೆ ಅದರ ಕಡತವೂ ಜೊತೆಗೇ ಹೋಗುತ್ತದೆ. ಕಂಟ್ರೋಲ್ ಪ್ಯಾನೆಲಿನ ದಾರಿ ಸ್ವಲ್ಪ ದಯಾಳು: ಕಡತ ಉಳಿಸಲೇ, ಅಳಿಸಲೇ ಎಂದು ಕೇಳುತ್ತದೆ. ಉಳಿಸು ಎಂದರೆ ಆ ಖಾತೆಯ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಚಿತ್ರ, ಹಾಡು, ವಿಡಿಯೋ ಇವನ್ನೆಲ್ಲ ನಿಮ್ಮ ಡೆಸ್ಕ್‌ಟಾಪಿನ ಮೇಲೆ ಒಂದು ಕೋಶದಲ್ಲಿ ತುಂಬಿಡುತ್ತದೆ. ಆ ಸಾಲಿನಲ್ಲಿ ಡೌನ್‌ಲೋಡ್ಸ್ ಇಲ್ಲ! ಝೆರಾಕ್ಸ್ ಅಂಗಡಿಯಲ್ಲಿ ಜೀವ ಇರುವುದೇ ಡೌನ್‌ಲೋಡ್ಸ್ ಕೋಶದಲ್ಲಿ. ಆದ್ದರಿಂದ ಮೊದಲು ಸಿ ಡ್ರೈವಿನ ‘ಯೂಸರ್ಸ್’ ಒಳಗೆ ಹೋಗಿ ಆ ಹೆಸರಿನ ಇಡೀ ಕೋಶವನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಒಂದು ತಿಂಗಳು ಕಾದು, ಯಾರೂ ಏನೂ ಕೇಳದಿದ್ದರೆ ಅಳಿಸಿ.

ಹೀಗೆ ದುಬೈ, ಮುಂಬೈ, ‘ಟೆಸ್ಟ್’, ‘ಸಪೋರ್ಟ್’ ನಾಲ್ಕನ್ನೂ ಸ್ಥಗಿತಗೊಳಿಸಿದೆ. ಕೈ ಓಡುತ್ತಿದ್ದ ಭರದಲ್ಲಿ ‘ಸ್ಕ್ಯಾನ್’ ಕೂಡ. ತಪ್ಪು ಅಲ್ಲೇ ಆಯಿತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನು. “ಮಾಷ್ಟ್ರೇ, ಝೆರಾಕ್ಸ್ ಮಿಶನು ಕಂಪ್ಯೂಟರಿನ ಹತ್ತಿರ ಮಾತು ಬಿಟ್ಟಿದೆ. ಸ್ಕ್ಯಾನ್ ಮಾಡಿದ್ದು ಬರುದೇ ಇಲ್ಲ.”

ಆಗ ಹೊಳೆಯಿತು. ದೊಡ್ಡ ಝೆರಾಕ್ಸ್ ಯಂತ್ರಗಳು ಸ್ಕ್ಯಾನ್ ಮಾಡಿದ ಕಾಗದವನ್ನು ನೆಟ್‌ವರ್ಕಿನ ಮೂಲಕ ಕಂಪ್ಯೂಟರಿನ ಒಂದು ಹಂಚಿಕೆಯ ಕೋಶಕ್ಕೆ ಹಾಕುತ್ತವೆ. ಹಾಕಬೇಕಾದರೆ ಯಂತ್ರವೂ ಒಂದು ಹೆಸರು, ಒಂದು ಪಾಸ್‌ವರ್ಡ್ ಹೇಳಬೇಕು. ಯಂತ್ರವನ್ನು ಕೂರಿಸಿದವರು ಅದಕ್ಕಾಗಿಯೇ ಮಾಡಿಟ್ಟ ಖಾತೆ ‘ಸ್ಕ್ಯಾನ್’. ಅದು ಮನುಷ್ಯರದಲ್ಲ, ಯಂತ್ರದ್ದು. ಯಾರೂ ಅದರಲ್ಲಿ ಕೂತು ಕೆಲಸ ಮಾಡುವುದಿಲ್ಲ, ಹಾಗೆಂದು ಸ್ಥಗಿತಗೊಳಿಸುವಂತೆಯೂ ಇಲ್ಲ. ಅಡಗಿಸುವುದು ಎಂಬ ವ್ಯವಸ್ಥೆ ಇರುವುದು ಇಂಥ ಖಾತೆಗಳಿಗಾಗಿ. ‘ಯೆಸ್’ ಬರೆದು ಅದಕ್ಕೆ ಮತ್ತೆ ಜೀವ ಕೊಟ್ಟು, ಅಡಗಿಸಲು ಹೊರಟೆ.

ಅಡಗಿಸುವ ಕೆಲಸ ನಡೆಯುವುದು ರಿಜಿಸ್ಟ್ರಿಯಲ್ಲಿ. ಅದು ವಿಂಡೋಸಿನ ಮೂಲ ಕಡತ. ಕೈ ತಪ್ಪಿ ಬೇರೇನಾದರೂ ಅಳಿಸಿದರೆ ಕಂಪ್ಯೂಟರ್ ಏಳುವುದೇ ಕಷ್ಟ. ಆದ್ದರಿಂದ ಮೊದಲು ಸ್ಟಾರ್ಟ್‌ನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಹುಡುಕಿ ಒಂದು ಮರಳಿಬರುವ ಬಿಂದು ಮಾಡಿಟ್ಟುಕೊಳ್ಳಿ. ಎರಡು ನಿಮಿಷದ ಕೆಲಸ. ಸಿ ಡ್ರೈವಿಗೆ ಆ ರಕ್ಷಣೆ ಆಫ್ ಆಗಿದ್ದರೆ ಅಲ್ಲೇ ಆನ್ ಮಾಡಲು ಬರುತ್ತದೆ.

ಇನ್ನು ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ಬಂದ ಪೆಟ್ಟಿಗೆಯಲ್ಲಿ ‘ರೆಜ್‌ಎಡಿಟ್’ ಎಂದು ಬರೆಯಿರಿ: ಆರ್, ಇ, ಜಿ, ಇ, ಡಿ, ಐ, ಟಿ. ಎಡಗಡೆ ಮರದ ಹಾಗೆ ಕವಲೊಡೆದ ಪಟ್ಟಿ ತೆರೆಯುತ್ತದೆ. ‘ಎಚ್‌ಕೀ ಲೋಕಲ್ ಮಷೀನ್’ ಬಿಡಿಸಿ, ಅದರೊಳಗೆ ‘ಸಾಫ್ಟ್‌ವೇರ್’, ಅದರೊಳಗೆ ‘ಮೈಕ್ರೋಸಾಫ್ಟ್’, ಅದರೊಳಗೆ ‘ವಿಂಡೋಸ್ ಎನ್‌ಟಿ’. ಇಲ್ಲಿ ಜಾಗ್ರತೆ. ಬರೀ ‘ವಿಂಡೋಸ್’ ಎಂಬ ಇನ್ನೊಂದು ಕವಲು ಹತ್ತಿರದಲ್ಲೇ ಇರುತ್ತದೆ, ಹತ್ತು ಮಂದಿಯಲ್ಲಿ ಐದು ಮಂದಿ ಅದರೊಳಗೆ ಹೊಕ್ಕು ದಾರಿ ತಪ್ಪುತ್ತಾರೆ. ಎನ್‌ಟಿ ಇರುವುದೇ ಬೇಕು. ಅದರೊಳಗೆ ‘ಕರೆಂಟ್‌ವರ್ಷನ್’, ಅದರೊಳಗೆ ‘ವಿನ್‌ಲಾಗಾನ್’.

ವಿನ್‌ಲಾಗಾನ್ ಕೆಳಗೆ ‘ಸ್ಪೆಷಲ್ ಅಕೌಂಟ್ಸ್’ ಎಂಬ ಕವಲು ಉಂಟಾ ನೋಡಿ. ಹೊಸ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ನೀವೇ ಮಾಡಬೇಕು. ವಿನ್‌ಲಾಗಾನ್ ಮೇಲೆ ಬಲಗುಂಡಿ, ‘ನ್ಯೂ’, ‘ಕೀ’. ಹೆಸರು ‘ಸ್ಪೆಷಲ್ ಅಕೌಂಟ್ಸ್’, ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ. ಅದರ ಮೇಲೆ ಮತ್ತೆ ಬಲಗುಂಡಿ ಒತ್ತಿ ಅದೇ ರೀತಿ ‘ಯೂಸರ್‌ಲಿಸ್ಟ್’, ಇದಕ್ಕೂ ಜಾಗ ಬೇಡ. ಈಗ ಯೂಸರ್‌ಲಿಸ್ಟ್ ಆರಿಸಿಕೊಂಡು ಬಲಗಡೆಯ ಖಾಲಿ ಬಯಲಿನಲ್ಲಿ ಬಲಗುಂಡಿ, ‘ನ್ಯೂ’, ‘ಡಿವರ್ಡ್ 32 ಬಿಟ್ ವ್ಯಾಲ್ಯೂ’. ಅದಕ್ಕೆ ಕೊಡಬೇಕಾದ ಹೆಸರು ಖಾತೆಯ ಹುಟ್ಟುಹೆಸರು. ಅಕ್ಕನ ಕಂಪ್ಯೂಟರಿನಲ್ಲಿ ‘ಯೂಸರ್2’. ಬೆಲೆ ಸೊನ್ನೆ ಇರಬೇಕು. ಹೊಸತಾಗಿ ಮಾಡಿದಾಗ ತಾನಾಗಿ ಸೊನ್ನೆಯೇ ಇರುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಪರದೆಯಲ್ಲಿ ಆ ಹೆಸರಿಲ್ಲ, ಯಂತ್ರದ ಸ್ಕ್ಯಾನ್ ಮಾತ್ರ ಎಂದಿನಂತೆ ಬಂದು ಬೀಳುತ್ತದೆ. ಮತ್ತೆ ಕಾಣಬೇಕೆಂದರೆ ಸೊನ್ನೆಯನ್ನು 1 ಮಾಡಿ, ಇಲ್ಲವೇ ಆ ಸಾಲನ್ನೇ ಅಳಿಸಿ.

ಕಪ್ಪು ಕಿಟಕಿ ಹೆಸರು ತಪ್ಪಿದರೆ ಬಯ್ಯುತ್ತದೆ. ರಿಜಿಸ್ಟ್ರಿ ಬಯ್ಯುವುದಿಲ್ಲ. ತೋರಿಕೆಯ ಹೆಸರು ಬರೆದರೆ ಸುಮ್ಮನೆ ಇಟ್ಟುಕೊಂಡು ಏನೂ ಮಾಡದೆ ಕೂರುತ್ತದೆ. ಮಾಡಿದ್ದೆಲ್ಲ ಸರಿ, ಆದರೂ ಹೆಸರು ಹೋಗುವುದಿಲ್ಲ ಎನ್ನುವವರ ಕಾಯಿಲೆ ಮುಕ್ಕಾಲು ಪಾಲು ಇದೇ.

ಇದಕ್ಕಿಂತ ದೊಡ್ಡ ಕಾಯಿಲೆ ಇನ್ನೊಂದುಂಟು. ಕೆಲವರು ಮಕ್ಕಳಿಗೆ ಸಾಧಾರಣ ಖಾತೆ ಕೊಟ್ಟು, ತಮ್ಮ ಅಡ್ಮಿನಿಸ್ಟ್ರೇಟರ್ ಹಕ್ಕಿನ ಏಕೈಕ ಖಾತೆಯನ್ನು ಅಡಗಿಸುತ್ತಾರೆ. ಬುದ್ಧಿವಂತಿಕೆಯ ಹಾಗೆ ಕಾಣುತ್ತದೆ. ಆಮೇಲೆ ಏನಾದರೂ ಹಾಕಲು ಹೋದರೆ ವಿಂಡೋಸ್ ಅನುಮತಿ ಕೇಳುವ ಪೆಟ್ಟಿಗೆ ತೆರೆಯುತ್ತದೆ. ಅಲ್ಲಿ ಅಡ್ಮಿನಿಸ್ಟ್ರೇಟರ್‌ಗಳ ಹೆಸರು ಬರಬೇಕು, ಆದರೆ ಅಡಗಿಸಿದ ಖಾತೆ ಅಲ್ಲಿಯೂ ಅಡಗಿಯೇ ಇರುತ್ತದೆ. ಪಾಸ್‌ವರ್ಡ್ ಬರೆಯಲು ಜಾಗವೇ ಇಲ್ಲ, ‘ಯೆಸ್’ ಗುಂಡಿ ಮಸುಕು. ಅಡಗಿಸಿದ್ದನ್ನು ಬಿಡಿಸಲು ರಿಜಿಸ್ಟ್ರಿ ಬೇಕು, ರಿಜಿಸ್ಟ್ರಿಗೆ ಅನುಮತಿ ಬೇಕು, ಅನುಮತಿಗೆ ಆ ಖಾತೆಯೇ ಬೇಕು. ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡವರ ಕಥೆ. ಹೀಗಾದರೆ ಲಾಗಿನ್ ಪರದೆಯ ಮೂಲೆಯ ಪವರ್ ಗುಂಡಿಯಲ್ಲಿ, ಶಿಫ್ಟ್ ಕೀಲಿ ಒತ್ತಿಹಿಡಿದು ‘ರೀಸ್ಟಾರ್ಟ್’ ಮಾಡಿ. ನೀಲಿ ಪರದೆಯಲ್ಲಿ ‘ಟ್ರಬಲ್‌ಶೂಟ್’, ‘ಅಡ್ವಾನ್ಸ್‌ಡ್ ಆಪ್ಷನ್ಸ್’, ಅಲ್ಲಿ ‘ಸಿಸ್ಟಂ ರಿಸ್ಟೋರ್’. ಮೊದಲೇ ಮಾಡಿಟ್ಟ ಬಿಂದು ಇದ್ದರೆ ಅಲ್ಲಿಗೆ ಮರಳಬಹುದು. ಡಿಸ್ಕು ಬಿಟ್‌ಲಾಕರ್‌ನಿಂದ ಗೂಢಲಿಪಿಯಾಗಿದ್ದರೆ 48 ಅಂಕೆಗಳ ಕೀಲಿ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರದು ಬಹುತೇಕ ಆ ಖಾತೆಯಲ್ಲೇ ಜಮೆಯಾಗಿರುತ್ತದೆ, ಫೋನಿನಿಂದ ತೆಗೆದು ನೋಡಬಹುದು.

ಅಡಗಿಸಿದ ಖಾತೆಯಲ್ಲಿ ಆಗಾಗ ಕೂತು ಕೆಲಸ ಮಾಡಲೇಬೇಕು ಎನ್ನುವವರಿಗೆ ಒಂದು ದಾರಿ: ಪರದೆಯಲ್ಲಿ ಯಾರ ಹೆಸರೂ ಬಾರದಂತೆ ಮಾಡಿ, ಹೆಸರು, ಪಾಸ್‌ವರ್ಡ್ ಎರಡನ್ನೂ ಬರೆದು ಒಳಗೆ ಹೋಗುವುದು. ಪ್ರೊ ಆವೃತ್ತಿಯ ‘ಲೋಕಲ್ ಸೆಕ್ಯುರಿಟಿ ಪಾಲಿಸಿ’ಯಲ್ಲಿ ‘ಸೆಕ್ಯುರಿಟಿ ಆಪ್ಷನ್ಸ್’ ಕೆಳಗೆ, ಕೊನೆಯ ಸಲ ಲಾಗಿನ್ ಆದವರ ಹೆಸರು ತೋರಿಸಬೇಡ ಎಂಬ ಅರ್ಥದ ಒಂದು ಸಾಲು ಇದೆ, ಅದನ್ನು ‘ಎನೇಬಲ್’ ಮಾಡಿದರಾಯಿತು. ಕಚೇರಿಗಳಿಗೆ ಇದು ಒಳ್ಳೆಯದು. ಪಾಸ್‌ವರ್ಡ್ ಮರೆತು ಪಿನ್ ಮಾತ್ರ ನೆನಪಿಟ್ಟವರು ಮಾತ್ರ ಇದನ್ನು ಮುಟ್ಟಬೇಡಿ. ಅಕ್ಕನಿಗೆ ನಾನು ಬೇಡವೆಂದೆ. ಕರೆಂಟು ಹೋಗಿ ಬಂದಾಗಲೆಲ್ಲ ಗಿರಾಕಿಗಳನ್ನು ನಿಲ್ಲಿಸಿಕೊಂಡು ಪೂರ್ತಿ ಹೆಸರು ಬರೆಯುತ್ತ ಕೂರುವುದು ಯಾರಿಗೆ ಬೇಕು?

ಅದಕ್ಕಿಂತ ಅಕ್ಕನಿಗೆ ನಾನು ಒತ್ತಿ ಹೇಳಿದ್ದು ಬೇರೆ. ಮುಂದೆ ಕೆಲಸಕ್ಕೆ ಬರುವವರಿಗೆ ಒಂದೊಂದು ಸಾಧಾರಣ ಖಾತೆ, ಅವರವರ ಪಾಸ್‌ವರ್ಡು, ಹೋದ ದಿನವೇ ಸ್ಥಗಿತ. ನಮ್ಮ ರಾಜ್ಯದ ಪಹಣಿ ಕಂಪ್ಯೂಟರಿಗೆ ಏರಿದಾಗ ‘ಭೂಮಿ’ ಯೋಜನೆಯವರು ಸಿಬ್ಬಂದಿಯ ಬೆರಳಚ್ಚು ಪಡೆದೇ ಒಳಗೆ ಬಿಡುವ ಏರ್ಪಾಡು ಮಾಡಿದ್ದರು. ಯಾರ ಜಮೀನಿನ ದಾಖಲೆಗೆ ಯಾರು ಕೈ ಹಾಕಿದರು ಎಂಬುದು ನಾಳೆ ಪ್ರಶ್ನೆಯಾದರೆ ನಾನಲ್ಲ ಎನ್ನಲು ಬರಬಾರದು ಎಂದು. ಗಿರಾಕಿಗಳ ಆಧಾರ್ ಪ್ರತಿ ದಿನಗಟ್ಟಲೆ ಬಿದ್ದಿರುವ ಅಂಗಡಿ ಕಂಪ್ಯೂಟರಿಗೂ ಅದೇ ನ್ಯಾಯ.

ವಿಂಡೋಸ್ ಬಿಟ್ಟು ಬೇರೆಯದರ ಬಗ್ಗೆ ಎರಡು ಮಾತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಲ್ಯಾಬುಗಳಲ್ಲಿ ಕೇರಳ ಸರಕಾರದ ಕೈಟ್ ಸಂಸ್ಥೆ ಒದಗಿಸುವ, ಉಬುಂಟು ಆಧಾರಿತ ಲಿನಕ್ಸ್ ಇರುತ್ತದೆ. ಲಿನಕ್ಸ್‌ನಲ್ಲಿ ಪ್ರತಿ ಖಾತೆಗೂ ಒಂದು ಸಂಖ್ಯೆ. ಉಬುಂಟುವಿನಲ್ಲಿ ಮನುಷ್ಯರ ಖಾತೆ ಶುರುವಾಗುವುದು 1000ದಿಂದ. ಅದಕ್ಕಿಂತ ಕೆಳಗಿನವು ವ್ಯವಸ್ಥೆಯವು, ಪರದೆಗೆ ಬರುವುದಿಲ್ಲ. ಮನುಷ್ಯರ ಖಾತೆಯನ್ನೇ ಅಡಗಿಸಬೇಕೆಂದರೆ ‘ವಾರ್’, ‘ಲಿಬ್’, ‘ಅಕೌಂಟ್ಸ್ ಸರ್ವಿಸ್’, ‘ಯೂಸರ್ಸ್’ ಎಂಬ ಕೋಶಗಳೊಳಗೆ ಆ ಹೆಸರಿನ ಕಡತ ತೆರೆದು ‘ಸಿಸ್ಟಂ ಅಕೌಂಟ್’ ಎಂಬುದಕ್ಕೆ ‘ಟ್ರೂ’ ಎಂದು ಬರೆಯುತ್ತಾರೆ. ಪರದೆಯ ಕೆಳಗೆ ‘ನಾಟ್ ಲಿಸ್ಟೆಡ್’ ಒತ್ತಿ ಹೆಸರು ಬರೆದರೆ ಒಳಗೆ ಹೋಗಬಹುದು, ಹಾಗಾಗಿ ಸಿಕ್ಕಿಹಾಕಿಕೊಳ್ಳುವ ಭಯ ಕಡಿಮೆ. ಮ್ಯಾಕ್ ನಮ್ಮ ಬೆಳ್ಮಣ್ ಕಡೆಗೆ ಅಪರೂಪ, ಉಡುಪಿಯಲ್ಲೇ 1996ರಲ್ಲಿ ಹುಟ್ಟಿದ ರೋಬೋಸಾಫ್ಟ್ ಮ್ಯಾಕ್ ತಂತ್ರಾಂಶದಿಂದಲೇ ಹೆಸರು ಮಾಡಿದ್ದರೂ. ಮ್ಯಾಕ್‌ನಲ್ಲೂ ಖಾತೆ ಅಡಗಿಸಲು ಟರ್ಮಿನಲ್‌ನಲ್ಲಿ ಒಂದು ಸಾಲಿನ ಆಜ್ಞೆ ಉಂಟು. ಲಾಗಿನ್ ಪರದೆಗೆ ಹೆಸರಿನ ಪಟ್ಟಿಯ ಬದಲು ‘ಹೆಸರು ಮತ್ತು ಪಾಸ್‌ವರ್ಡ್’ ಎಂಬ ಆಯ್ಕೆ ಕೊಟ್ಟರೆ ಹೆಚ್ಚಿನವರಿಗೆ ಅಷ್ಟೇ ಸಾಕು.

ನಮ್ಮೂರಿಗೆ ಮುಂಬೈ, ಬೆಂಗಳೂರಿನಿಂದ ಹಳೆಯ ಲ್ಯಾಪ್‌ಟಾಪುಗಳು ಬಹಳ ಬರುತ್ತವೆ. ಭಾವ ತಂದದ್ದು, ದೊಡ್ಡಮ್ಮನ ಮಗ ಕಳಿಸಿದ್ದು, ಎಲ್ಲ ಯಾವುದೋ ಕಂಪನಿ ಬಳಸಿ ಬಿಟ್ಟದ್ದು. ಅವುಗಳಲ್ಲಿ ಅಡಗುಖಾತೆ ಹುಡುಕುತ್ತ ಕೂರುವುದು ವ್ಯರ್ಥ. ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ರಿಮೂವ್ ಎವ್ರಿಥಿಂಗ್’ ಆರಿಸಿ ಪೂರ್ತಿ ಹೊಸತಾಗಿಸಿ. ಹಾಗೆ ಮಾಡಿದ ಮೇಲೂ ಇಂಟರ್ನೆಟ್ ಸಿಕ್ಕ ಕೂಡಲೇ ಯಾವುದೋ ಕಂಪನಿಯ ಹೆಸರು ಹೇಳಿ ಅಲ್ಲಿಯ ಇಮೇಲ್ ಕೇಳಿದರೆ, ಆ ಯಂತ್ರ ಇನ್ನೂ ಆ ಕಂಪನಿಯ ನೋಂದಣಿಯಲ್ಲೇ ಇದೆ ಎಂದರ್ಥ. ಅದನ್ನು ತೆಗೆಯಲು ಅವರಿಂದ ಮಾತ್ರ ಸಾಧ್ಯ. ಮಾರಿದವರನ್ನು ಹಿಡಿಯಿರಿ, ಮೆಕ್ಯಾನಿಕ್ಕನ್ನಲ್ಲ. ಇನ್ನು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಖಾತೆಗಳನ್ನು ಎಷ್ಟು ಒಪ್ಪ ಮಾಡಿದರೂ ಆ ಕಂಪ್ಯೂಟರಿನಲ್ಲಿ ದುಡ್ಡಿನ ವ್ಯವಹಾರ ಮಾಡುವವರು ಮುಂದಿನ ದಾರಿ ನೋಡಿಕೊಳ್ಳುವುದು ಒಳ್ಳೆಯದು. ಅಕ್ಕನಿಗೂ ಹೇಳಿದ್ದೇನೆ. ಮೊದಲು ಯುಪಿಎಸ್ ಬ್ಯಾಟರಿ, ಆಮೇಲೆ ಅದು ಎಂದಿದ್ದಾರೆ.

ಈಗ ಅಲ್ಲಿ ಕರೆಂಟು ಹೋಗಿ ಬಂದರೆ ಪರದೆಯಲ್ಲಿ ಎರಡೇ ಹೆಸರು, ಅಮ್ಮನದು ಮತ್ತು ಮಗಳದು. ಮೊನ್ನೆ ನಾನು ಕೌಂಟರಿನ ಹತ್ತಿರ ನಿಂತಿದ್ದಾಗಲೇ ಆ ಹಳೆಯ ಗಿರಾಕಿ ಬಂದರು. ಪರದೆಯತ್ತ ಒಮ್ಮೆ ಕುತ್ತಿಗೆ ಚಾಚಿ ನೋಡಿ, ಅಕ್ಕನನ್ನು ಕೇಳಿದರು: “ಆ ಹುಡುಗನ ಹೆಸರು ಕಾಣುದಿಲ್ಲ. ದುಬೈಯಿಂದ ಬಂದ್ನಾ?”